ಪಾಪಕ್ಕೆ ರಸೀದಿ ಇತ್ತಾ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆ ಶುರುವಾಗಿದ್ದು ಒಂದು ರಸೀದಿಯಿಂದ.

ಹೋದ ತಿಂಗಳು ಆಫೀಸಲ್ಲಿ ಊಟದ ಹೊತ್ತು. ಪರ್ಸಿನಿಂದ ಕಾರ್ಡ್ ತೆಗೆಯೋವಾಗ ಒಂದು ಮಡಚಿದ ಚೀಟಿ ಕೆಳಗೆ ಬಿತ್ತು. ನನ್ನ ಫ್ರೆಂಡ್ ಎತ್ತಿ ನೋಡಿದ. ನಮ್ಮಜ್ಜಿಯ ವರ್ಷದ ಪೂಜೆಗೆ ಅಂತ ಚರ್ಚ್ ಆಫೀಸಲ್ಲಿ 200 ರೂಪಾಯಿ ಕಾಣಿಕೆ ಕೊಟ್ಟಿದ್ದೆ, ಅದರ ರಸೀದಿ. ಅವನು ನಕ್ಕು ಕೇಳಿದ: "ಏನೋ ಇದು, ಅಜ್ಜಿಗೆ ಸ್ವರ್ಗಕ್ಕೆ ಟಿಕೆಟ್ ಬುಕ್ ಮಾಡಿದ್ಯಾ? ಐನೂರು ವರ್ಷ ಆಯ್ತು, ನೀವಿನ್ನೂ ಬಿಟ್ಟಿಲ್ವಾ?"

ಅವನು ಮಂಗಳೂರು ಕಡೆಯ ಪ್ರೊಟೆಸ್ಟೆಂಟ್ ಮನೆತನದವನು. ನಾನು ಕಥೋಲಿಕ. ಐದು ವರ್ಷದಿಂದ ಒಂದೇ ಡಬ್ಬಿಯಲ್ಲಿ ಊಟ ಮಾಡ್ತೀವಿ. ಅವನು ಕೆಟ್ಟ ಮನಸ್ಸಿಂದ ಕೇಳಿದ್ದಲ್ಲ. ಆದ್ರೆ ನನಗೆ ಚುರುಕ್ ಅಂತು. ಯಾಕಂದ್ರೆ ನನ್ನ ಹತ್ರ ಉತ್ತರ ಇರಲಿಲ್ಲ. ಬಿ.ಕಾಂ. ಓದಿದೀನಿ, ದಿನಾ ಲೆಕ್ಕ ನೋಡ್ತೀನಿ, ಆದ್ರೆ ನನ್ನದೇ ನಂಬಿಕೆಯ ಲೆಕ್ಕಪುಸ್ತಕ ತೆರೆದು ನೋಡಿರಲಿಲ್ಲ.

ಹಾಗಾಗಿ ಒಂದು ತಿಂಗಳು ಕೂತು ಓದಿದೆ. ಮೊದಲೇ ಹೇಳಿಬಿಡ್ತೀನಿ, ನಾನು ಒಂದು ಕಡೆಯವನು. ನನ್ನ ಧರ್ಮಸಭೆಯ ಪರ ಮಾತಾಡ್ತಾ ಇದ್ದೀನಿ. ಆದ್ರೆ ಸುಳ್ಳು ಲೆಕ್ಕ ತೋರಿಸಿ ಆಡಿಟ್ ಪಾಸ್ ಮಾಡೋ ಉದ್ದೇಶ ಇಲ್ಲ.

ಆ ಪದದಲ್ಲೇ ಒಂದು ತಪ್ಪಿದೆ

ಶಾಲೆಯ ಸಮಾಜ ವಿಜ್ಞಾನ ನೆನಪಿಸಿಕೊಳ್ಳಿ. ಮತ ಸುಧಾರಣೆ, ಮಾರ್ಟಿನ್ ಲೂಥರ್, "ಪಾಪ ವಿಮೋಚನಾ ಪತ್ರ"ಗಳ ಮಾರಾಟ. ಎರಡು ಅಂಕದ ಪ್ರಶ್ನೆ. ನಾವೆಲ್ಲ ಬರೆದಿದ್ದು ಒಂದೇ ಉತ್ತರ: ಚರ್ಚು ದುಡ್ಡು ತಗೊಂಡು ಪಾಪ ಕ್ಷಮಿಸ್ತಿತ್ತು.

ಇದನ್ನು ಇಂಗ್ಲಿಷಿನಲ್ಲಿ ಇಂಡಲ್ಜೆನ್ಸ್ ಅಂತಾರೆ. ಕಥೋಲಿಕ ಬೋಧನೆಯ ಪ್ರಕಾರ ಇಂಡಲ್ಜೆನ್ಸ್ ಪಾಪವನ್ನು ಕ್ಷಮಿಸೋದೇ ಇಲ್ಲ. ಕ್ಷಮೆ ಸಿಗೋದು ಪಶ್ಚಾತ್ತಾಪದಿಂದ, ಪಾಪನಿವೇದನೆಯ ಸಂಸ್ಕಾರದಿಂದ, ಕ್ರಿಸ್ತನ ಕೃಪೆಯಿಂದ. ಆಗಲೇ ಕ್ಷಮೆ ಸಿಕ್ಕ ಪಾಪದ ಬೆನ್ನಿಗೆ ಉಳಿಯುತ್ತಲ್ಲ ಒಂದು ಬಾಕಿ, ಇಂಡಲ್ಜೆನ್ಸ್ ಅದಕ್ಕೆ ಸಂಬಂಧಪಟ್ಟಿದ್ದು.

"ಕ್ಷಮಿಸಿದ ಮೇಲೆ ಇನ್ನೆಂಥ ಬಾಕಿ?" ಅಂತ ನನ್ನ ಫ್ರೆಂಡ್ ಕೇಳಿದ. ಸರಿಯಾದ ಪ್ರಶ್ನೆ. ಅದಕ್ಕೆ ನಾನು ಗ್ರಂಥದ ಉತ್ತರಕ್ಕಿಂತ ಮುಂಚೆ ಮನೆಯ ಉತ್ತರ ಹೇಳ್ತೀನಿ.

ಸೆಕೆಂಡ್ ಪಿಯುಸಿಯಲ್ಲಿ ಇದ್ದಾಗ ಅಜ್ಜಿಯ ಸಾಸಿವೆ ಡಬ್ಬಿಯಿಂದ ಎರಡು ಸಾವಿರ ರೂಪಾಯಿ ಕದ್ದಿದ್ದೆ. ಹಳೇ ಫೋನ್ ಒಂದನ್ನ ಯಾರೋ ಮಾರ್ತಾ ಇದ್ರು, ಅದಕ್ಕೆ. ಮೂರು ದಿನ ತಡ್ಕೊಂಡೆ, ನಾಲ್ಕನೇ ದಿನ ಅಜ್ಜಿಯ ಮುಂದೆ ಅತ್ತುಬಿಟ್ಟೆ. ಅಜ್ಜಿ ಬೈಲಿಲ್ಲ. ತಲೆ ಸವರಿ, "ಆಯ್ತು ಬಿಡು ಮಗಾ" ಅಂದ್ರು. ಕ್ಷಮೆ ಅಲ್ಲಿಗೆ ಮುಗೀತು. ಆದ್ರೆ ನನಗೆ ಆ ಅಡುಗೆ ಮನೆಗೆ ಹೋಗೋಕೆ ಆಗ್ತಿರಲಿಲ್ಲ. ಸಾಸಿವೆ ಡಬ್ಬಿ ಕಂಡ್ರೆ ತಲೆ ತಗ್ಗಿಸ್ತಿದ್ದೆ. ಅಜ್ಜಿಗೆ ಅದು ಅರ್ಥವಾಯ್ತು. "ಪ್ರತಿ ಶನಿವಾರ ನನ್ನ ಕೈ ಹಿಡ್ಕೊಂಡು ಮಾರ್ಕೆಟ್ಟಿಗೆ ಕರ್ಕೊಂಡು ಹೋಗು, ಮಂಡಿ ನೋವು" ಅಂದ್ರು.

ಒಂದು ಶನಿವಾರ ಕ್ರಿಕೆಟ್ ಮ್ಯಾಚ್ ಇತ್ತು. ನಾನು ಜೇಬಿಂದ ಐವತ್ತು ರೂಪಾಯಿ ತೆಗೆದು, "ಅಜ್ಜಿ, ಆಟೋದಲ್ಲಿ ಹೋಗಿ ಬನ್ನಿ" ಅಂದೆ. ಅಜ್ಜಿ ನೋಟು ನೋಡಿದ್ರು, ನನ್ನ ಮುಖ ನೋಡಿದ್ರು. "ದುಡ್ಡು ಕೊಟ್ರೆ ಆಟೋ ಬರುತ್ತೆ ಕಣೋ, ನೀನು ಬರಲ್ಲ" ಅಂದ್ರು.

ನಾಲ್ಕು ತಿಂಗಳು ಹೋದೆ. ಪರೀಕ್ಷೆ ಹತ್ತಿರ ಬಂದಾಗ ಅವರೇ ಹೇಳಿದ್ರು: "ಸಾಕು, ಇನ್ನು ಓದ್ಕೋ. ಲೆಕ್ಕ ಚುಕ್ತಾ."

ಈಗ ಇದನ್ನ ಬಿಡಿಸಿ ನೋಡಿ. ಮೊದಲ ದಿನದ "ಆಯ್ತು ಬಿಡು", ಅದು ಕ್ಷಮೆ. ಶನಿವಾರದ ನಡಿಗೆ, ಅದು ಪ್ರಾಯಶ್ಚಿತ್ತ: ಕೆಟ್ಟಿದ್ದನ್ನ ಸರಿಮಾಡೋದು, ನನ್ನನ್ನೇ ನಾನು ಸರಿಮಾಡಿಕೊಳ್ಳೋದು. ಕೊನೆಯ "ಸಾಕು" ಇದ್ಯಲ್ಲ, ಅದು ಇಂಡಲ್ಜೆನ್ಸ್. ಉಳಿದ ಬಾಕಿಯನ್ನು ಪ್ರೀತಿಯಿಂದ, ಅಧಿಕಾರ ಇರೋರು ಬಿಟ್ಟುಕೊಡೋದು. ಬೈಬಲ್ಲಿನಲ್ಲಿ ದಾವೀದನ ಕಥೆಯೂ ಹೀಗೇ ಇದೆ. ಪ್ರವಾದಿ ನಾತಾನ ಬಂದು ಅರಸನ ತಪ್ಪನ್ನು ಎತ್ತಿ ತೋರಿಸ್ತಾನೆ, ದಾವೀದ ಒಪ್ಪಿಕೊಳ್ತಾನೆ, ದೇವರು ಕ್ಷಮಿಸಿದ್ದಾರೆ ಅಂತ ನಾತಾನ ಹೇಳ್ತಾನೆ. ಆದರೂ ಪರಿಣಾಮ ತಪ್ಪಲಿಲ್ಲ.

ಈ ಮೂರರಲ್ಲಿ ಐವತ್ತು ರೂಪಾಯಿ ನೋಟಿಗೆ ಎಲ್ಲೂ ಜಾಗ ಇರಲಿಲ್ಲ. ಹಾಗಾದ್ರೆ ಇತಿಹಾಸದಲ್ಲಿ ನೋಟು ಒಳಗೆ ಬಂದಿದ್ದು ಹೇಗೆ?

ಮೊದಲ ಚೀಟಿ ಬರೆದವರು ಜೈಲಿನಲ್ಲಿದ್ದರು

ಕ್ರಿ.ಶ. 250. ರೋಮನ್ ಚಕ್ರವರ್ತಿ ಡೆಸಿಯಸ್ ಸಾಮ್ರಾಜ್ಯದ ದೇವತೆಗಳಿಗೆ ಎಲ್ಲರೂ ಬಲಿ ಅರ್ಪಿಸಬೇಕು ಅಂತ ಆಜ್ಞೆ ಹೊರಡಿಸಿದ. ಎಷ್ಟೋ ಕ್ರೈಸ್ತರು ಜೀವಭಯದಿಂದ ಅರ್ಪಿಸಿದರು. ಕೆಲವರು ನಿರಾಕರಿಸಿ ಸೆರೆಮನೆ ಸೇರಿದರು, ಚಿತ್ರಹಿಂಸೆ ಅನುಭವಿಸಿದರು.

ಕಿರುಕುಳ ತಣ್ಣಗಾದ ಮೇಲೆ ಬಿದ್ದವರು ವಾಪಸ್ ಬಂದರು. ಆ ಕಾಲದಲ್ಲಿ ಪ್ರಾಯಶ್ಚಿತ್ತ ಅಂದ್ರೆ ವರ್ಷಗಟ್ಟಲೆ, ಎಲ್ಲರ ಕಣ್ಣೆದುರು. ಉತ್ತರ ಆಫ್ರಿಕಾದ ಕಾರ್ಥೇಜಿನಲ್ಲಿ ಇವರು ಒಂದು ದಾರಿ ಹುಡುಕಿದರು. ಸೆರೆಯಲ್ಲಿದ್ದವರ ಬಳಿ ಹೋಗಿ, "ನಮಗಾಗಿ ಒಂದು ಮಾತು ಹೇಳಿ" ಅಂತ ಬೇಡಿಕೊಂಡರು. ಸೆರೆಯಲ್ಲಿದ್ದವರು ಚೀಟಿ ಬರೆದುಕೊಟ್ಟರು: ಇವರನ್ನು ಮತ್ತೆ ಸೇರಿಸಿಕೊಳ್ಳಿ ಅಂತ. ಅವರ ನೋವು ಇವರ ಬಾಕಿಗೆ ನೆರವಾಗಲಿ ಅನ್ನೋ ಭಾವನೆ. ಒಂದು ದೇಹದ ಒಂದು ಅಂಗ ನೊಂದರೆ ಇನ್ನೊಂದು ಅಂಗಕ್ಕೆ ಅದು ಸಂಬಂಧವಿಲ್ಲದ್ದಲ್ಲ ಅನ್ನೋ ನಂಬಿಕೆ. ಮುಂದೆ ಬಂದ ಇಂಡಲ್ಜೆನ್ಸಿನ ಬೇರು ಇಲ್ಲಿದೆ. ನೋಡಿ, ದುಡ್ಡಿನ ಸುದ್ದಿಯೇ ಇಲ್ಲ.

ಆದ್ರೆ ದುರುಪಯೋಗದ ಬೇರೂ ಅಲ್ಲೇ ಇದೆ. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ತನ್ನ ಪತ್ರದಲ್ಲಿ ತಕರಾರು ಮಾಡ್ತಾನೆ: ಚೀಟಿಯಲ್ಲಿ ಹೆಸರೇ ಇಲ್ಲ, "ಇವನನ್ನೂ ಇವನ ಮನೆಯವರನ್ನೂ" ಅಂತ ಬರೆದರೆ ಎಷ್ಟು ಜನ ಅಂತ ಲೆಕ್ಕ? ನನ್ನಂಥ ಕಾಮರ್ಸ್ ಹುಡುಗನಿಗೆ ಇದು ಓದಿದ ಕೂಡಲೇ ಹೊಳೆಯಿತು. ಬ್ಲ್ಯಾಂಕ್ ಚೆಕ್! ಲೂಥರನಿಗಿಂತ 1,260 ವರ್ಷ ಮುಂಚೆ ಒಬ್ಬ ಕಥೋಲಿಕ ಬಿಷಪ್ಪೇ ಅದನ್ನು ಹಿಡಿದು ಪ್ರಶ್ನೆ ಮಾಡಿದ್ದ. 258ರಲ್ಲಿ ಅವನೂ ಹುತಾತ್ಮನಾದ.

ನೋಟು ಒಳಗೆ ಬಂದ ದಾರಿ

1095ರಲ್ಲಿ ಕ್ಲೆರ್ಮಾಂಟ್ ಸಭೆಯಲ್ಲಿ ಪೋಪ್ ಎರಡನೇ ಅರ್ಬನ್, ಜೆರುಸಲೇಮಿಗೆ ಹೊರಡುವ ಪ್ರಯಾಣವನ್ನೇ ಪೂರ್ತಿ ಪ್ರಾಯಶ್ಚಿತ್ತ ಎಂದು ಪರಿಗಣಿಸಲಾಗುವುದು ಎಂದ. ಕೀರ್ತಿಗೋ ಹಣಕ್ಕೋ ಹೊರಟವರಿಗೆ ಇದು ಅನ್ವಯಿಸದು ಅಂತ ಷರತ್ತೂ ಇತ್ತು. ಆಮೇಲೆ ಕ್ರುಸೇಡಿಗೆ ಹೋಗಲಾಗದವರು ಹೋಗುವವರ ಖರ್ಚು ಕೊಡಬಹುದು ಅಂತಾಯ್ತು. ಹೊಳೀತಾ? ಅಲ್ಲಿ ನಡಿಗೆಯ ಬದಲು ಆಟೋದ ದುಡ್ಡು ಬಂತು.

ಸೇತುವೆ, ಆಸ್ಪತ್ರೆ, ದೇವಾಲಯ ಕಟ್ಟೋಕೆ ದಾನ ಕೊಟ್ಟವರಿಗೂ ಇಂಡಲ್ಜೆನ್ಸ್ ಸಿಗತೊಡಗಿತು. ದಾನ ಕೊಡೋದು ತಪ್ಪಲ್ಲ, ಅದು ಹಳೆಯ ಪ್ರಾಯಶ್ಚಿತ್ತವೇ. ಆದ್ರೆ ಕೈ ಜಾರುತ್ತಿದೆ ಅಂತ ಧರ್ಮಸಭೆಗೂ ಗೊತ್ತಾಗಿತ್ತು. 1215ರ ನಾಲ್ಕನೇ ಲ್ಯಾಟರನ್ ಮಹಾಸಭೆ ಬಿಷಪ್‌ಗಳಿಗೆ ಮಿತಿ ಹಾಕಿತು: ಚರ್ಚಿನ ಪ್ರತಿಷ್ಠಾಪನೆಗೆ ಒಂದು ವರ್ಷ, ವಾರ್ಷಿಕೋತ್ಸವಕ್ಕೆ 40 ದಿನ, ಅದಕ್ಕಿಂತ ಹೆಚ್ಚು ಕೊಡುವಂತಿಲ್ಲ. ಸುಳ್ಳು ಹೇಳಿ ಕಾಣಿಕೆ ಎತ್ತುವವರನ್ನೂ ಖಂಡಿಸಿತು.

ಇಲ್ಲೊಂದು ತಪ್ಪು ಕಲ್ಪನೆ ಸರಿಮಾಡಿಬಿಡ್ತೀನಿ. ಹಳೇ ಪ್ರಾರ್ಥನಾ ಪುಸ್ತಕಗಳಲ್ಲಿ "300 ದಿನದ ಇಂಡಲ್ಜೆನ್ಸ್" ಅಂತ ಇರ್ತಿತ್ತು. ಸತ್ತ ಮೇಲೆ ಶುದ್ಧೀಕರಣ ಸ್ಥಳದಲ್ಲಿ, ಅಂದ್ರೆ ಪರ್ಗೆಟರಿಯಲ್ಲಿ, 300 ದಿನ ಕಡಿತ ಅಂತ ಎಷ್ಟೋ ಕಥೋಲಿಕರೇ ನಂಬಿದ್ದರು. ಅದಲ್ಲ. ಹಳೇ ಕಾಲದ 300 ದಿನದ ಪ್ರಾಯಶ್ಚಿತ್ತಕ್ಕೆ ಸಮಾನ ಅಂತ ಅರ್ಥ. ಈ ಗೊಂದಲಕ್ಕಾಗಿಯೇ 1967ರಲ್ಲಿ ಪೋಪ್ ಆರನೇ ಪೌಲ್ ದಿನ-ವರ್ಷದ ಲೆಕ್ಕವನ್ನೇ ತೆಗೆದುಹಾಕಿದರು.

1476ರಲ್ಲಿ ಪೋಪ್ ನಾಲ್ಕನೇ ಸಿಕ್ಸ್ಟಸ್ ಸತ್ತವರ ಪರವಾಗಿಯೂ ಇಂಡಲ್ಜೆನ್ಸ್ ಪಡೆಯಬಹುದು ಎಂದ, ಆದ್ರೆ ಅದು ಪ್ರಾರ್ಥನೆಯ ರೂಪದಲ್ಲಿ, ದೇವರ ಮುಂದಿಡೋ ಕೋರಿಕೆಯಾಗಿ. ಆಜ್ಞೆಯಾಗಿ ಅಲ್ಲ. ಈ ವ್ಯತ್ಯಾಸ ದೇವಶಾಸ್ತ್ರದ ಪಂಡಿತರಿಗೆ ಗೊತ್ತಿತ್ತು. ಸಂತೆಗೆ ಬಂದ ರೈತನಿಗೆ ಯಾರು ಹೇಳಬೇಕು?

ಅಷ್ಟರಲ್ಲಿ ತಂತ್ರಜ್ಞಾನವೂ ಬಂತು. ಗುಟೆನ್‌ಬರ್ಗ್ ಅಂದ್ರೆ ನಮಗೆ ಬೈಬಲ್ ನೆನಪಾಗುತ್ತೆ. ಆದ್ರೆ ಯುರೋಪಿನಲ್ಲಿ ಅಚ್ಚುಮೊಳೆಯಿಂದ ಮುದ್ರಿಸಿದ, ಇಸವಿ ಇರುವ ಅತ್ಯಂತ ಹಳೆಯ ಕಾಗದ ಒಂದು ಇಂಡಲ್ಜೆನ್ಸ್ ಚೀಟಿ, 1454ರದ್ದು. ತುರ್ಕರಿಂದ ಸೈಪ್ರಸ್ ದ್ವೀಪವನ್ನು ಕಾಪಾಡಲು ಹಣ ಸಂಗ್ರಹಿಸಲು ಮುದ್ರಿಸಿದ್ದು. ಹೆಸರಿಗೂ ದಿನಾಂಕಕ್ಕೂ ಖಾಲಿ ಜಾಗ. ನಮ್ಮ ರಸೀದಿ ಪುಸ್ತಕದ ಹಾಗೇ. ಸಿಪ್ರಿಯನ್ ಹೆದರಿದ್ದ ಬ್ಲ್ಯಾಂಕ್ ಚೆಕ್ ಈಗ ಸಾವಿರಗಟ್ಟಲೆ ಅಚ್ಚಾಗುವ ಕಾಲ ಬಂದಿತ್ತು.

ಒಂದು ಸಾಲ, ಒಂದು ಪೆಟ್ಟಿಗೆ, ಎರಡು ಪಾಲು

ಈಗ ಅಸಲಿ ವಿಷಯಕ್ಕೆ ಬರೋಣ. ಇದು ನನ್ನ ಸಬ್ಜೆಕ್ಟ್.

ಬ್ರಾಂಡೆನ್‌ಬರ್ಗಿನ ಆಲ್ಬ್ರೆಕ್ಟ್, ಹುಟ್ಟಿದ್ದು 1490ರಲ್ಲಿ, ರಾಜಮನೆತನದ ಹುಡುಗ. 1513ರಲ್ಲಿ, 23ನೇ ವಯಸ್ಸಿಗೆ, ಮಾಗ್ಡೆಬರ್ಗಿನ ಆರ್ಚ್‌ಬಿಷಪ್ ಆದ. ಜೊತೆಗೆ ಹಾಲ್ಬರ್‌ಸ್ಟಾಟ್ ಪ್ರಾಂತದ ಆಡಳಿತ. ಮರುವರ್ಷ ಮೈನ್ಸ್ ಆರ್ಚ್‌ಬಿಷಪ್ ಸ್ಥಾನವೂ ಬೇಕು ಅಂದ. ಚಕ್ರವರ್ತಿಯನ್ನು ಆರಿಸುವ ಏಳು ಮತಗಳಲ್ಲಿ ಒಂದು ಆ ಸ್ಥಾನದ್ದು. ಧರ್ಮಸಭೆಯ ಕಾನೂನಿನ ಪ್ರಕಾರ ಬಿಷಪ್ ಆಗೋಕೆ 30 ವರ್ಷ ಆಗಿರಬೇಕು, ಒಬ್ಬನಿಗೆ ಒಂದೇ ಪೀಠ. ಎರಡಕ್ಕೂ ರೋಮಿನಿಂದ ವಿಶೇಷ ಅನುಮತಿ ಬೇಕಿತ್ತು. ಅನುಮತಿಗೆ ಶುಲ್ಕ. ಜೊತೆಗೆ ಮೈನ್ಸಿನ ಹೊಸ ಆರ್ಚ್‌ಬಿಷಪ್ ರೋಮಿಗೆ ಕಟ್ಟಬೇಕಾದ ದೊಡ್ಡ ಮೊತ್ತ. 1504, 1508, 1514: ಹತ್ತು ವರ್ಷದಲ್ಲಿ ಮೂರು ಸಲ ಆರ್ಚ್‌ಬಿಷಪ್‌ಗಳು ತೀರಿಕೊಂಡು, ಆ ಮೊತ್ತ ಕಟ್ಟಿ ಕಟ್ಟಿ ಮೈನ್ಸ್ ಸುಸ್ತಾಗಿತ್ತು. "ಈ ಸಲ ನಾನೇ ಕಟ್ತೀನಿ" ಅಂತ ಆಲ್ಬ್ರೆಕ್ಟ್ ಭರವಸೆ ಕೊಟ್ಟ. ಗೆದ್ದ.

ದುಡ್ಡು ಎಲ್ಲಿಂದ? ಆಗ್ಸ್‌ಬರ್ಗಿನ ಯಾಕೋಬ್ ಫುಗ್ಗರ್, ಆ ಕಾಲದ ಯುರೋಪಿನ ದೊಡ್ಡ ಸಾಹುಕಾರ. ಸುಮಾರು 29,000 ಗುಲ್ಡನ್ ಸಾಲ. ತೀರಿಸೋದು ಹೇಗೆ? 1515ರಲ್ಲಿ ಪೋಪ್ ಹತ್ತನೇ ಲಿಯೋ ಆಲ್ಬ್ರೆಕ್ಟನ ಪ್ರಾಂತಗಳಲ್ಲಿ ಎಂಟು ವರ್ಷ ಒಂದು ವಿಶೇಷ ಇಂಡಲ್ಜೆನ್ಸ್ ಸಾರಲು ಅನುಮತಿ ಕೊಟ್ಟ. ಹೊರಗೆ ಹೇಳಿದ ಉದ್ದೇಶ, 1506ರಲ್ಲಿ ಶುರುವಾದ ರೋಮಿನ ಸಂತ ಪೇತ್ರರ ಹೊಸ ದೇವಾಲಯದ ಕಟ್ಟಡ. ಒಳಗಿನ ಒಪ್ಪಂದ, ಅರ್ಧ ಕಟ್ಟಡಕ್ಕೆ, ಇನ್ನರ್ಧ ಆಲ್ಬ್ರೆಕ್ಟನಿಗೆ, ಅಂದ್ರೆ ಫುಗ್ಗರನಿಗೆ. ಪ್ರಚಾರಕರ ಜೊತೆ ಫುಗ್ಗರನ ಲೆಕ್ಕದವರೂ ಊರೂರು ಸುತ್ತಿದರು.

ಆಲ್ಬ್ರೆಕ್ಟನ ಹೆಸರಲ್ಲಿ ಪ್ರಚಾರಕರಿಗೆ ಒಂದು ಸೂಚನಾ ಪುಸ್ತಕ ಹೊರಟಿತು. ಅದರಲ್ಲಿ ದರಪಟ್ಟಿ ಇದೆ. ರಾಜರು, ಬಿಷಪ್‌ಗಳಿಗೆ ಕನಿಷ್ಠ 25 ಚಿನ್ನದ ಗುಲ್ಡನ್. ಮಠಾಧಿಪತಿಗಳು, ದೊಡ್ಡ ಶ್ರೀಮಂತರಿಗೆ 10. ವರ್ಷಕ್ಕೆ 200 ಗುಲ್ಡನ್ ಆದಾಯದ ವರ್ತಕರಿಗೆ 3. ಸಂಸಾರಸ್ಥ ಕುಶಲಕರ್ಮಿಗೆ 1. ಅದಕ್ಕೂ ಕೆಳಗಿನವರಿಗೆ ಅರ್ಧ. ನಮ್ಮ ಇನ್‌ಕಮ್ ಟ್ಯಾಕ್ಸ್ ಸ್ಲ್ಯಾಬ್ ಥರಾನೇ. ಏನೂ ಇಲ್ಲದವರು ಪ್ರಾರ್ಥನೆ, ಉಪವಾಸ ಮಾಡಿದರೆ ಸಾಕು, ಸ್ವರ್ಗ ಶ್ರೀಮಂತರಿಗಷ್ಟೇ ಅಲ್ಲ ಅಂತಲೂ ಅದೇ ಪುಸ್ತಕ ಹೇಳುತ್ತೆ. ಬದುಕಿರುವವರಿಗೆ ಪಶ್ಚಾತ್ತಾಪ, ಪಾಪನಿವೇದನೆ ಕಡ್ಡಾಯ ಅಂತಲೂ ಇದೆ. ಅಂದ್ರೆ "ದುಡ್ಡು ಕೊಟ್ಟು ಪಾಪ ಕಳ್ಕೊ" ಅನ್ನೋ ಸಾಲು ಅಲ್ಲಿ ಇಲ್ಲ.

ಆದ್ರೆ ಎರಡು ಕಡೆ ನಾನು ತಲೆ ತಗ್ಗಿಸಬೇಕು. ಒಂದು, ಸತ್ತವರ ಆತ್ಮಕ್ಕಾಗಿ ಪೆಟ್ಟಿಗೆಗೆ ಹಾಕುವವನಿಗೆ ಪಶ್ಚಾತ್ತಾಪವೂ ಬೇಕಿಲ್ಲ, ಪಾಪನಿವೇದನೆಯೂ ಬೇಕಿಲ್ಲ ಅಂತ ಅದು ಹೇಳಿತು. ಬರೀ ನಾಣ್ಯ. ಎರಡು, ಒಂದು ವಿಶೇಷ ಪತ್ರ ಇತ್ತು. ಅದನ್ನು ಪಡೆದವನು ಮುಂದೆ ಯಾವಾಗ ಬೇಕಾದರೂ ತನಗಿಷ್ಟವಾದ ಗುರುಗಳ ಬಳಿ, ಗಂಭೀರ ಪಾಪಗಳಿಗೂ, ಪಾಪನಿವೇದನೆ ಮಾಡಬಹುದಿತ್ತು. "ಮುಂದೆ ಮಾಡೋ ಪಾಪಕ್ಕೂ ಲೈಸೆನ್ಸ್ ಕೊಡ್ತಿದ್ರು" ಅನ್ನೋ ಮಾತು ಹುಟ್ಟಿದ್ದು ಇದರಿಂದ. ಅದು ಲೈಸೆನ್ಸ್ ಆಗಿರಲಿಲ್ಲ, ಪಶ್ಚಾತ್ತಾಪ ಆಗಲೂ ಬೇಕಿತ್ತು. ಆದ್ರೆ ಜೇಬಲ್ಲಿ ಆ ಕಾಗದ ಇಟ್ಕೊಂಡವನು ಹಾಗೇ ಅಂದುಕೊಂಡಿದ್ದರೆ ಅವನನ್ನ ದೂರೋಕಾಗಲ್ಲ.

ಈ ಪ್ರಚಾರಕ್ಕೆ ಇಳಿದ ಡೊಮಿನಿಕನ್ ಗುರು ಯೋಹಾನ್ ಟೆಟ್ಸೆಲ್. ನಾಣ್ಯ ಪೆಟ್ಟಿಗೆಯಲ್ಲಿ ಠಣ್ ಅಂದ ಕೂಡಲೇ ಆತ್ಮ ಹಾರಿತು ಅನ್ನೋ ಅರ್ಥದ ಪ್ರಚಾರ ಅವನ ಹೆಸರಿಗೆ ಅಂಟಿಕೊಂಡಿದೆ. ಅವನ ಮೇಲೆ ಇನ್ನೂ ಕೆಟ್ಟ ಕಥೆಗಳು ಹರಡಿದವು. ಅವುಗಳಲ್ಲಿ ಒಂದನ್ನು ಅವನು ಹಾಲೆ ಪಟ್ಟಣದವರಿಂದ ಲಿಖಿತ ಸಾಕ್ಷಿ ತಂದು ಅಲ್ಲಗಳೆದ. ಆದ್ರೆ ನಾಣ್ಯದ ಮಾತಿನ ಸಾರವನ್ನು ಅವನು ಸಮರ್ಥಿಸಿಯೇ ಸಮರ್ಥಿಸಿದ. ಅದು ಧರ್ಮಸಭೆಯ ಬೋಧನೆ ಆಗಿರಲಿಲ್ಲ. ಸೇಲ್ಸ್ ಟಾರ್ಗೆಟ್ ಆಗಿತ್ತು.

ಲೂಥರ್ ಅವತ್ತು ನಿಜವಾಗಿ ಬರೆದದ್ದು

ವಿಟೆನ್‌ಬರ್ಗ್ ಇದ್ದ ಸ್ಯಾಕ್ಸನಿ ಪ್ರಾಂತಕ್ಕೆ ಟೆಟ್ಸೆಲ್‌ಗೆ ಪ್ರವೇಶ ಇರಲಿಲ್ಲ. ಅಲ್ಲಿನ ದೊರೆ ಫ್ರೆಡ್ರಿಕ್ ಬಿಡಲಿಲ್ಲ. ಪುಣ್ಯಾತ್ಮ ಅಂದುಕೊಳ್ಳಬೇಡಿ, ಅವನದ್ದೇ ಒಂದು ಅಂಗಡಿ ಇತ್ತು. ಸಂತರ ಅವಶೇಷಗಳ ಸಂಗ್ರಹ, 1520ರ ಹೊತ್ತಿಗೆ 19,000ಕ್ಕೂ ಹೆಚ್ಚು, ಅವುಗಳ ದರ್ಶನಕ್ಕೂ ಇಂಡಲ್ಜೆನ್ಸ್. ಆದರೂ ವಿಟೆನ್‌ಬರ್ಗಿನ ಜನ ಗಡಿ ದಾಟಿ ಹೋಗಿ ಕಾಗದ ತಂದು ತಮ್ಮ ಗುರುವಿಗೆ ತೋರಿಸಿದರು. ಆ ಗುರು ಮಾರ್ಟಿನ್ ಲೂಥರ್.

1517 ಅಕ್ಟೋಬರ್ 31. ಬಾಗಿಲಿಗೆ ಮೊಳೆ ಹೊಡೆದ ಕಥೆಯ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯ ಇದೆ. ಆದ್ರೆ ಅವತ್ತು ಅವನು ತನ್ನ 95 ವಾದಗಳನ್ನು ಪತ್ರದ ಜೊತೆ ಇದೇ ಆಲ್ಬ್ರೆಕ್ಟನಿಗೆ ಕಳಿಸಿದ್ದು ಖಚಿತ. ಪಾಪ, ಅವನಿಗೆ ಸಾಲದ ಒಪ್ಪಂದ ಗೊತ್ತಿರಲಿಲ್ಲ. ಕಳ್ಳತನದ ದೂರನ್ನು ಪಾಲುದಾರನಿಗೇ ಕೊಟ್ಟ ಹಾಗಾಯ್ತು.

ಆ 95ನ್ನು ನಾನು ಕೂತು ಓದಿದೆ. ಆಶ್ಚರ್ಯ ಆಯ್ತು. 1517ರ ಲೂಥರ್ ಇಂಡಲ್ಜೆನ್ಸನ್ನೇ ತಳ್ಳಿಹಾಕಿರಲಿಲ್ಲ. 71ನೇ ವಾದದಲ್ಲಿ ಅದರ ಸತ್ಯದ ವಿರುದ್ಧ ಮಾತಾಡುವವನಿಗೇ ಶಾಪ ಹಾಕ್ತಾನೆ! ಅವನ ಸಿಟ್ಟು ಪ್ರಚಾರಕರ ಮೇಲೆ. ಬಡವನಿಗೆ ಕೊಡೋದು ಇದಕ್ಕಿಂತ ಮೇಲು ಅಂತಾನೆ. ಪೋಪನಿಗೆ ಈ ಸುಲಿಗೆ ಗೊತ್ತಾದರೆ ಆ ದೇವಾಲಯ ಸುಟ್ಟು ಬೂದಿಯಾದರೂ ಸರಿ ಅನ್ನುತ್ತಾರೆ ಅಂತ ನಂಬ್ತಾನೆ. ಇಷ್ಟು ಓದಿದಾಗ ನನಗನಿಸಿತು, ಇದು ಒಬ್ಬ ಕಥೋಲಿಕ ಗುರುವಿನ ಸಂಕಟ. ಆಮೇಲೆ ಅವನು ಬಹಳ ದೂರ ಹೋದ, ಇಂಡಲ್ಜೆನ್ಸನ್ನೂ ಪರ್ಗೆಟರಿಯನ್ನೂ ಬಿಟ್ಟ. ಆದ್ರೆ ಅವತ್ತು ಅವನು ಹೇಳಿದ್ದು, ನಮ್ಮಜ್ಜಿ ಐವತ್ತು ರೂಪಾಯಿ ನೋಟು ನೋಡಿ ಹೇಳಿದ್ದಕ್ಕಿಂತ ಬಹಳ ಬೇರೆ ಅಲ್ಲ.

ಟೆಟ್ಸೆಲ್ 1519ರಲ್ಲಿ ಎಲ್ಲರಿಂದಲೂ ದೂರವಾಗಿ ಲೈಪ್ಸಿಗ್‌ನಲ್ಲಿ ಸತ್ತ. ಸಾಯೋ ಮುಂಚೆ ಅವನಿಗೆ ಸಮಾಧಾನದ ಪತ್ರ ಬರೆದವನು ಯಾರು ಗೊತ್ತಾ? ಲೂಥರ್. ತಪ್ಪೆಲ್ಲ ನಿನ್ನದೊಬ್ಬನದೇ ಅಲ್ಲ ಅನ್ನೋ ಅರ್ಥದಲ್ಲಿ. ಅದು ನಿಜ ಕೂಡ. ಸಾಲ ತಗೊಂಡವನು ಬೇರೆ, ಸಾಲ ಕೊಟ್ಟವನು ಬೇರೆ, ಸಹಿ ಹಾಕಿದವನು ಬೇರೆ.

ಅಂಗಡಿ ಮುಚ್ಚಿದ್ದು ಯಾರು?

ನನ್ನ ಫ್ರೆಂಡ್‌ಗೆ ಗೊತ್ತಿಲ್ಲದ, ನನಗೂ ಗೊತ್ತಿಲ್ಲದಿದ್ದ ಭಾಗ ಇದು. 1518ರ ಅಕ್ಟೋಬರ್‌ನಲ್ಲಿ ಲೂಥರನನ್ನು ವಿಚಾರಿಸಿದ ಕಾರ್ಡಿನಲ್ ಕಾಯೆಟಾನ್ ಅವನ ಎದುರಾಳಿ. ಭೇಟಿ ನಡೆದದ್ದು ಆಗ್ಸ್‌ಬರ್ಗಿನ ಫುಗ್ಗರನ ಮನೆಯಲ್ಲೇ, ವಿಧಿಯ ಆಟ ನೋಡಿ! ಆ ಕಾಯೆಟಾನ್ ಕೂಡ ಇಂಥ ಉತ್ಪ್ರೇಕ್ಷೆಯ ಪ್ರಚಾರಕರನ್ನು ಧರ್ಮಸಭೆಯ ಬಾಯಿ ಅಂತ ಒಪ್ಪಬಾರದು ಅನ್ನುವ ನಿಲುವಿನವನು. ಅದೇ ನವೆಂಬರ್‌ನಲ್ಲಿ ಹತ್ತನೇ ಲಿಯೋ, ಪಾಪದ ಅಪರಾಧ ಕಳೆಯೋದು ಸಂಸ್ಕಾರ, ಇಂಡಲ್ಜೆನ್ಸ್ ಮುಟ್ಟೋದು ಉಳಿದ ದಂಡವನ್ನು ಮಾತ್ರ ಅಂತ ಸ್ಪಷ್ಟನೆ ಕೊಟ್ಟ. ಒಂದು ವರ್ಷ ತಡ. ಮೂರು ವರ್ಷ ಮುಂಚೆ ಕೊಟ್ಟಿದ್ದರೆ?

ಟ್ರೆಂಟ್ ಮಹಾಸಭೆ 1562ರಲ್ಲಿ ಕಾಣಿಕೆ ಎತ್ತುವ ಪ್ರಚಾರಕರ ಹುದ್ದೆಯನ್ನೇ ರದ್ದು ಮಾಡಿತು. 1563 ಡಿಸೆಂಬರ್ 4ರಂದು, ಕೊನೆಯ ದಿನ, ಇಂಡಲ್ಜೆನ್ಸನ್ನು ಉಳಿಸಿಕೊಂಡು, ಅದಕ್ಕೆ ಅಂಟಿದ ದುಷ್ಟ ಸಂಪಾದನೆಯನ್ನೆಲ್ಲ ತೆಗೆದುಹಾಕಬೇಕು ಎಂದಿತು. 1567ರಲ್ಲಿ ಪೋಪ್ ಐದನೇ ಪಿಯುಸ್, ಶುಲ್ಕ ಅಥವಾ ಹಣದ ವ್ಯವಹಾರ ಇರುವ ಇಂಡಲ್ಜೆನ್ಸ್‌ಗಳನ್ನು ರದ್ದುಪಡಿಸಿದರು. ಸ್ಪೇನಿನಲ್ಲಿ ಕ್ರುಸೇಡ್ ಹೆಸರಿನ ಪತ್ರಗಳು ಕಾಣಿಕೆಗೆ ಪ್ರತಿಯಾಗಿ ಆಮೇಲೂ ಬಹುಕಾಲ ನಡೆದವು, ಅದನ್ನೂ ಹೇಳಿಬಿಡ್ತೀನಿ. ಆದ್ರೆ ತತ್ವ ಅಲ್ಲಿಗೆ ನಿಚ್ಚಳವಾಯ್ತು.

ಇನ್ನೊಂದು ಆಕ್ಷೇಪ ಇದೆ. ಇದು ದುಡ್ಡಿಗಿಂತ ಗಂಭೀರ. "ಕ್ರಿಸ್ತ ಶಿಲುಬೆಯ ಮೇಲೆ ಎಲ್ಲವನ್ನೂ ತೀರಿಸಿದ ಮೇಲೆ ನಿಮ್ಮ ಪ್ರಾಯಶ್ಚಿತ್ತ ಯಾಕೆ? ಸಂತರ ಪುಣ್ಯ ಯಾಕೆ? ಕ್ರಿಸ್ತ ಕೊಟ್ಟಿದ್ದು ಸಾಲದಾ?" ಇದಕ್ಕೆ ತಮಾಷೆಯ ಉತ್ತರ ಕೊಡೋಕಾಗಲ್ಲ.

ಕಥೋಲಿಕ ಉತ್ತರ ಹೀಗಿದೆ. ಮನುಷ್ಯ ಕ್ರಿಸ್ತನ ಕೃಪೆ ಇಲ್ಲದೆ ಬರೀ ತನ್ನ ಕೆಲಸದಿಂದ ನೀತಿವಂತ ಆಗಬಲ್ಲ ಅನ್ನುವವನನ್ನು ಟ್ರೆಂಟ್ ಸಭೆಯೇ 1547ರಲ್ಲಿ ಖಂಡಿಸಿದೆ, ಅದೂ ಮೊದಲ ನಿಯಮದಲ್ಲೇ. "ಪುಣ್ಯದ ಖಜಾನೆ" ಅನ್ನೋ ಮಾತು 1343ರ ಪೋಪ್ ಆರನೇ ಕ್ಲೆಮೆಂಟರ ಕಾಲದಿಂದ ಇದೆ. ಆದ್ರೆ ಅದು ಜಮಾ-ಖರ್ಚಿನ ಖಾತೆಯಲ್ಲ. ಈಗಿನ ಅಧಿಕೃತ ಧರ್ಮೋಪದೇಶ ಗ್ರಂಥ ಹೇಳುವಂತೆ ಅದು ಶತಮಾನಗಳಿಂದ ಕೂಡಿಟ್ಟ ಆಸ್ತಿಯ ಮೊತ್ತವಲ್ಲ, ಕ್ರಿಸ್ತನೇ ಆ ಖಜಾನೆ. ಸಂತರದ್ದೇನಿದ್ದರೂ ಅವನಿಂದ ಬಂದದ್ದು. ಅಜ್ಜಿ ಕೈ ಹಿಡಿದು ನಡೆದಾಗ ನಾನು ಅವರ ಕ್ಷಮೆಯನ್ನು ಕೊಂಡುಕೊಳ್ತಿರಲಿಲ್ಲ. ಸಿಕ್ಕ ಕ್ಷಮೆಗೆ ತಕ್ಕವನಾಗ್ತಾ ಇದ್ದೆ.

ಪ್ರೊಟೆಸ್ಟೆಂಟರು ಇದನ್ನ ಒಪ್ಪಬೇಕಿಲ್ಲ. ಸತ್ತವರಿಗಾಗಿ ಪ್ರಾರ್ಥಿಸೋದಕ್ಕೆ ನಾವು ತೋರಿಸೋ ಮಕ್ಕಬಿಯರ ಎರಡನೇ ಗ್ರಂಥ ಅವರ ಬೈಬಲ್ಲಿನ ಪಟ್ಟಿಯಲ್ಲಿಲ್ಲ. 1999ರ ಅಕ್ಟೋಬರ್ 31ರಂದು, ಅದೇ ಆಗ್ಸ್‌ಬರ್ಗಿನಲ್ಲಿ, ಲೂಥರನ್ನರೂ ಕಥೋಲಿಕರೂ ರಕ್ಷಣೆ ಕೃಪೆಯಿಂದಲೇ ಅಂತ ಜಂಟಿ ಘೋಷಣೆಗೆ ಸಹಿ ಹಾಕಿದರು. ಇಂಡಲ್ಜೆನ್ಸಿನ ಜಗಳ ಅದರಲ್ಲಿ ಮುಗಿದಿಲ್ಲ. ಪರವಾಗಿಲ್ಲ. ಜಗಳ ಆಡೋದಾದ್ರೆ ನಿಜವಾದ ವ್ಯತ್ಯಾಸದ ಮೇಲೆ ಆಡೋಣ, ಟಿಕೆಟ್ ಜೋಕಿನ ಮೇಲೆ ಬೇಡ.

ಅವರ ಕಡೆಯಿಂದ ನಮ್ಮ ಕನ್ನಡಕ್ಕೆ ಬಂದದ್ದನ್ನ ನಾನು ಮರೆಯೋದೂ ಇಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ತಂದರು. ಕಿಟೆಲ್ 1894ರಲ್ಲಿ ನಿಘಂಟು ಕೊಟ್ಟರು. ಈ ಸಂಚಿಕೆ ಬರೆಯೋವಾಗ ಒಂದು ಪದಕ್ಕೆ ಅನುಮಾನ ಬಂದು ನಾನು ತೆರೆದಿದ್ದು ಅದೇ ಪ್ರೊಟೆಸ್ಟೆಂಟ್ ನಿಘಂಟನ್ನ.

ಹಾಗಾದ್ರೆ ನನ್ನ 200 ರೂಪಾಯಿ?

ಕೊನೆಗೆ ಆ ರಸೀದಿ. ಪೂಜೆಯ ಕಾಣಿಕೆ ಇಂಡಲ್ಜೆನ್ಸ್ ಅಲ್ಲ, ಅದು ಬೇರೆ ವಿಷಯ. ಆದ್ರೆ ಸಂಶಯ ಒಂದೇ: ಇದು ಬೆಲೆನಾ? 1983ರ ಧರ್ಮಸಭೆಯ ಕಾನೂನು ಸಂಹಿತೆ ತೆಗೆದು ನೋಡಿದೆ. 945ನೇ ನಿಯಮ: ಕಾಣಿಕೆ ಕೊಡದಿದ್ದರೂ ಗುರುಗಳು ಭಕ್ತರ ಕೋರಿಕೆಗಾಗಿ, ಅದರಲ್ಲೂ ಬಡವರಿಗಾಗಿ, ಪೂಜೆ ಅರ್ಪಿಸಬೇಕೆಂದು ಒತ್ತಿ ಹೇಳುತ್ತೆ. 947: ವ್ಯಾಪಾರದ ಛಾಯೆ ಕೂಡ ಇರಕೂಡದು. 951: ಒಬ್ಬ ಗುರು ಒಂದು ದಿನ ಎಷ್ಟೇ ಪೂಜೆ ಮಾಡಿದರೂ, ಕ್ರಿಸ್ಮಸ್ ದಿನ ಬಿಟ್ಟರೆ, ಒಂದರ ಕಾಣಿಕೆಯನ್ನು ಮಾತ್ರ ತಾನು ಇಟ್ಟುಕೊಳ್ಳಬಹುದು. ಈ ನಿಯಮಗಳನ್ನು ಓದುವಾಗ ನನಗೆ ಆಲ್ಬ್ರೆಕ್ಟನ ಪೆಟ್ಟಿಗೆ ಕಾಣಿಸ್ತಿತ್ತು. ಒಮ್ಮೆ ಸುಟ್ಟುಕೊಂಡವರು ಬರೆದ ನಿಯಮಗಳು ಇವು.

ನನ್ನ ಫ್ರೆಂಡ್‌ಗೆ ಇದೆಲ್ಲ ಹೇಳಿದೆ. ಅವನು ಸುಮ್ಮನೆ ಕೇಳಿಸ್ಕೊಂಡ. ಆಮೇಲೆ ಒಂದೇ ಪ್ರಶ್ನೆ ಕೇಳಿದ: "ಅದು ಸರಿ, ಅಜ್ಜಿ ಪೂಜೆಗೆ ನೀನು ಹೋಗಿದ್ಯಾ?"

ಹೋಗಿರಲಿಲ್ಲ. ಬೆಳಿಗ್ಗೆ ಆರೂವರೆಗೆ ಇತ್ತು. ರಾತ್ರಿ ಎಡಿಟಿಂಗ್ ಮಾಡಿ ಮಲಗಿದ್ದೆ, ಅಲಾರಂ ಆಫ್ ಮಾಡಿದ್ದೆ. 200 ರೂಪಾಯಿ ಹೋಗಿತ್ತು, ನಾನು ಹೋಗಿರಲಿಲ್ಲ.

ಧರ್ಮಸಭೆ ಪಾಪಕ್ಕೆ ಬೆಲೆ ಕಟ್ಟಲಿಲ್ಲ, ಇದನ್ನ ನಾನು ಯಾರ ಮುಂದೆ ಬೇಕಾದ್ರೂ ವಾದಿಸ್ತೀನಿ. ಆದ್ರೆ ಬೆಲೆ ಕಟ್ಟಿದ ಹಾಗೆ ಜನರಿಗೆ ಕಾಣಲು ಬಿಟ್ಟಿತು, ಅದನ್ನೂ ಒಪ್ಕೋತೀನಿ. ಯಾಕಂದ್ರೆ ಸಾಲಲ್ಲಿ ನಿಂತು ನಾಣ್ಯ ಹಾಕಿದವನನ್ನ ನಾನು ಬಲ್ಲೆ. ಅವನು ನಡೆಯೋ ಬದಲು ಆಟೋಗೆ ದುಡ್ಡು ಕೊಟ್ಟವನು. ಅವನು ನಾನೇ.

ಮರುದಿನ ಬೆಳಿಗ್ಗೆ ಆರೂವರೆ ಪೂಜೆಗೆ ಹೋದೆ. ಅವತ್ತು ಬೇರೆ ಯಾರದೋ ಅಜ್ಜಿಯ ಹೆಸರು ಓದಿದರು. ನಾನು ನಮ್ಮಜ್ಜಿಯನ್ನೂ ನೆನೆದುಕೊಂಡೆ. ರಸೀದಿ ಇಲ್ಲದೆ.

ಇಷ್ಟು ಇವತ್ತಿನ ಸಂಚಿಕೆ. ನಾನು ಎಲ್ಲಾದ್ರೂ ಲೆಕ್ಕ ತಪ್ಪಿದ್ದರೆ ಹೇಳಿ, ಅದರಲ್ಲೂ ಪ್ರೊಟೆಸ್ಟೆಂಟ್ ಗೆಳೆಯರು ಖಂಡಿತ ಹೇಳಿ, ತಿದ್ಕೋತೀನಿ. ಮುಂದಿನ ಸಂಚಿಕೆಯಲ್ಲಿ ನನ್ನ ಫ್ರೆಂಡೇ ಮೈಕ್ ಮುಂದೆ ಕೂತ್ಕೋತಾನೆ. ಲೂಥರ್ ಆಮೇಲೆ ಯಾಕೆ ಅಷ್ಟು ದೂರ ಹೋದ ಅಂತ ಅವನ ಕಡೆಯಿಂದ ಕೇಳೋಣ. ಊಟದ ಡಬ್ಬಿ ಮಾತ್ರ ಒಂದೇ. ಸಿಗೋಣ, ನಮಸ್ಕಾರ.